ಆಪ್ತಸಮಾಲೋಚನೆಯ ಕೋಣೆಯಲ್ಲಿ ಸಿದ್ಧಾಂತದ ಪಾಡು

ಮನಃಶಾಸ್ತ್ರದ ತರಗತಿಗಳಲ್ಲಿ ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆಯ ಸಿದ್ಧಾಂತಗಳನ್ನು ಫ್ರಾಯ್ಡ್‌ನಿಂದ ತೊಡಗಿ ಕಾರ್ಲ್ ರೋಜರ್ಸ್, ಆರನ್ ಬೆಕ್ ಮೊದಲಾದವರವರೆಗೆ ಒಂದೊಂದು ಅಧ್ಯಾಯವಾಗಿ ಕಲಿಸುವುದು ವಾಡಿಕೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೂ ಅವು ಹಾಗೆಯೇ ಬೇರೆ ಬೇರೆಯಾಗಿ ಉಳಿಯುತ್ತವೆ. ಆದರೆ ನೆರವು ಬೇಡಿ ಬಂದವರ ಸಂಕಟ ಯಾವ ಒಂದು ಅಧ್ಯಾಯಕ್ಕೂ ಪೂರ್ತಿಯಾಗಿ ಒಗ್ಗುವುದಿಲ್ಲವಾದ್ದರಿಂದ, ಹೊಸದಾಗಿ ವೃತ್ತಿಗೆ ಇಳಿದವರು ಓದಿದ್ದೆಲ್ಲ ಮರೆತುಹೋದಂತೆ ತಡವರಿಸುತ್ತಾರೆ, ಇಲ್ಲವೇ ಓದಿದ್ದನ್ನೆಲ್ಲ ಒಮ್ಮೆಗೇ ಪ್ರಯೋಗಿಸಲು ಹೊರಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ.

ವಿಜಯಪುರ ನಗರದ ಇಬ್ರಾಹಿಂಪುರದಂಥ ಬಡಾವಣೆಯಿಂದಲೋ, ತಿಕೋಟಾ ಅಥವಾ ಬಬಲೇಶ್ವರದ ಕಡೆಯ ಹಳ್ಳಿಯಿಂದಲೋ ಒಬ್ಬ ಗೃಹಿಣಿ ಅತ್ತೆಯೊಂದಿಗೆ ಸಮಾಲೋಚಕಿಯ ಬಳಿಗೆ ಬಂದಿದ್ದಾಳೆಂದು ಕಲ್ಪಿಸಿಕೊಳ್ಳಬಹುದು. ‘ತಲಿ ಭಣಭಣ ಅಂತೈತ್ರಿ, ರಾತ್ರಿ ನಿದ್ದಿ ಹತ್ತಂಗಿಲ್ಲ’ ಎಂದು ಆಕೆ ಹೇಳುವಷ್ಟರಲ್ಲಿ, ‘ಏನೂ ಆಗಿಲ್ರಿ ಅಕಿಗೆ, ಬರೇ ವಿಚಾರ ಮಾಡ್ತಾಳ’ ಎಂದು ಅತ್ತೆಯೇ ಮಾತು ಮುಗಿಸಿಬಿಡುತ್ತಾಳೆ. ಗಂಡನ ದ್ರಾಕ್ಷಿ ತೋಟದ ಸಾಲ, ಶಾಲೆ ಬಿಟ್ಟ ಮಗ, ವರ್ಷಗಳಿಂದ ಹೋಗಲಾಗದ ತವರು, ಇವು ಯಾವುವೂ ಮೊದಲ ಭೇಟಿಯಲ್ಲಿ ಹೊರಗೆ ಬರುವುದಿಲ್ಲ.

ರೋಜರ್ಸ್ 1957ರಲ್ಲಿ ಮಂಡಿಸಿದ ವಿಚಾರದಂತೆ, ಬಂದವರ ಅನುಭವವನ್ನು ಅವರ ನೆಲೆಯಲ್ಲಿಯೇ ನಿಂತು ಅರಿಯುವ ಪರಾನುಭೂತಿ, ತೀರ್ಪು ಕೊಡದ ಸ್ವೀಕಾರ ಹಾಗೂ ಸಮಾಲೋಚಕರ ಒಳಹೊರಗು ಒಂದಾಗಿರುವ ಪ್ರಾಮಾಣಿಕತೆ ಬದಲಾವಣೆಗೆ ಅಗತ್ಯವಾದ ನಿಲುವುಗಳು. ಇವನ್ನು ನಂಬಿದ ಸಮಾಲೋಚಕಿ ಗೃಹಿಣಿಯ ಮಾತಿಗೆ ತಾಳ್ಮೆಯಿಂದ ಕಾಯುತ್ತಾಳೆ. ಬೆಕ್‌ನ ಹಾದಿಯಲ್ಲಿ, ಅಂದರೆ ಮನಸ್ಸಿನಲ್ಲಿ ತಾನಾಗಿ ಏಳುವ ಆಲೋಚನೆಗಳನ್ನು ಗುರುತಿಸಿ ಅವು ಎಷ್ಟು ನಿಜವೆಂದು ಪರೀಕ್ಷಿಸುವ ಚಿಕಿತ್ಸೆಯಲ್ಲಿ, ತರಬೇತಾದವಳು ನಿದ್ದೆ ಬಾರದ ಹೊತ್ತಿನಲ್ಲಿ ತಲೆಯಲ್ಲಿ ಏನು ಓಡುತ್ತದೆಂದು ವಿಚಾರಿಸುತ್ತಾಳೆ; ಕುಟುಂಬ ಚಿಕಿತ್ಸೆಯ ದೃಷ್ಟಿಯುಳ್ಳವಳಿಗಾದರೋ ಸೊಸೆಯ ಪರವಾಗಿ ಅತ್ತೆ ಉತ್ತರಿಸಿದ್ದೇ ಮೊದಲ ಸುಳಿವು. ಮೂರೂ ನೋಟಗಳು ಸರಿಯಾದವೇ. ಆದರೆ ಯಾವುದನ್ನು ಯಾವಾಗ ಮುಂದೆ ಮಾಡಬೇಕೆಂಬುದಕ್ಕೆ ಸೂತ್ರವಿಲ್ಲ. ಅತ್ತೆಯನ್ನು ಕೂಡಲೇ ಹೊರಗೆ ಕಳುಹಿಸಿದರೆ ಗೃಹಿಣಿ ಮಾತನಾಡಬಹುದು, ಆದರೆ ಮುಂದಿನ ವಾರ ಆಕೆಯನ್ನು ಕರೆತರುವವರೇ ಇಲ್ಲವಾಗಬಹುದು. ಆದ್ದರಿಂದ ಮೊದಲು ಅತ್ತೆಯ ಆತಂಕವನ್ನೂ ಗೌರವದಿಂದ ಕೇಳಿ, ಬಳಿಕ ಇಬ್ಬರೊಂದಿಗೂ ಪ್ರತ್ಯೇಕವಾಗಿ ಮಾತನಾಡುವುದು ತಮ್ಮ ಪದ್ಧತಿಯೆಂದು ತಿಳಿಸುವುದು ಹೆಚ್ಚು ವಿವೇಕದ ಕ್ರಮ.

ಪುಸ್ತಕದ ಸಿದ್ಧಾಂತ ಇಲ್ಲಿನ ರೋಗಿಗಳಿಗೆ ನೇರವಾಗಿ ಒಗ್ಗದ ತೊಡಕನ್ನು ಭಾರತದಲ್ಲಿ ಮೊದಲಿಗೇ ಗುರುತಿಸಿದವರಲ್ಲಿ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ, ಅಂದರೆ 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯ, ಎನ್.ಸಿ. ಸೂರ್ಯ ಒಬ್ಬರು. ಅವರು ಎಸ್.ಎಸ್. ಜಯರಾಮ್ ಅವರೊಡನೆ 1964ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಲ್ಲಿನ ರೋಗಿ ಚಿಕಿತ್ಸಕನನ್ನು ನೇರವಾಗಿ ಅವಲಂಬಿಸಲು ಹಿಂಜರಿಯುವುದಿಲ್ಲ, ಸ್ಪಷ್ಟ ಮಾರ್ಗದರ್ಶನವನ್ನೇ ಬಯಸುತ್ತಾನೆ ಎಂಬುದನ್ನು ಚರ್ಚಿಸಿದರು. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಇನ್ನೂ ಮುಂದೆ ಹೋಗಿ, ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿಸಬಹುದೆಂದರು. ಈ ಸಲಹೆ ಆಕರ್ಷಕವಾಗಿದ್ದರೂ ಅದನ್ನು ಎಚ್ಚರದಿಂದಲೇ ಸ್ವೀಕರಿಸಬೇಕು. ಅತ್ತೆ, ಗಂಡ, ಊರ ಹಿರಿಯರು ಎಲ್ಲರೂ ಈಗಾಗಲೇ ಬುದ್ಧಿವಾದ ಹೇಳಿ ಮುಗಿಸಿರುವ ಹೆಣ್ಣಿಗೆ ಇನ್ನೊಬ್ಬ ಗುರುವಿನ ಅಗತ್ಯವಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆದರೆ ಕುಟುಂಬವನ್ನು ಒಳಗೊಳ್ಳುವ ಮಾತಿಗೆ ಗಟ್ಟಿಯಾದ ಆಧಾರವಿದೆ. ಅಮೃತಸರದಲ್ಲಿ ಮನೋವೈದ್ಯ ವಿದ್ಯಾಸಾಗರ್ 1950ರ ದಶಕದಲ್ಲಿಯೇ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದ್ದರು.

ಯಾವ ನೋಟವನ್ನು ಯಾವಾಗ ಮುಂದೆ ಮಾಡಬೇಕೆಂಬ ವಿವೇಚನೆಯನ್ನು ಕಲಿಯಲು, ತನ್ನ ಕೆಲಸವನ್ನು ಇತರರ ಪರಿಶೀಲನೆಗೆ ಒಡ್ಡಿಕೊಳ್ಳುವುದೇ ಇದುವರೆಗೆ ಕಂಡುಕೊಂಡ ಮುಖ್ಯ ಮಾರ್ಗ. 1940ರ ಸುಮಾರಿಗೆ ರೋಜರ್ಸ್ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಮಾಲೋಚನೆಯ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಧ್ವನಿಮುದ್ರಿಸಿಕೊಳ್ಳತೊಡಗಿದರು. ಒಂದು ತಟ್ಟೆ ಕೆಲವೇ ನಿಮಿಷಗಳಲ್ಲಿ ತುಂಬಿಹೋಗುತ್ತಿದ್ದುದರಿಂದ ಎರಡು ಯಂತ್ರಗಳನ್ನು ಸರದಿಯಂತೆ ಓಡಿಸಬೇಕಾಗುತ್ತಿತ್ತು. 1942ರ ತಮ್ಮ ಪುಸ್ತಕದಲ್ಲಿ ಅವರು ಒಂದು ಪ್ರಕರಣದ ಮಾತುಕತೆಯನ್ನು ಮೊದಲಿನಿಂದ ಕೊನೆಯವರೆಗೆ ಅಕ್ಷರಶಃ ಅಚ್ಚುಹಾಕಿಸಿದರು. ತಾವು ಕೇವಲ ಆಲಿಸುತ್ತಿದ್ದೇವೆಂದು ನಂಬಿದ್ದ ಕಲಿಯುವವರಿಗೆ, ಎಷ್ಟು ಕಡೆ ಮಾತನ್ನು ತಾವೇ ತಿರುಗಿಸಿದ್ದೇವೆ, ಎಷ್ಟು ಕಡೆ ಸಲಹೆ ತುರುಕಿದ್ದೇವೆ ಎಂಬುದು ಧ್ವನಿಮುದ್ರಣವನ್ನು ಕೇಳಿದಾಗಲೇ ತಿಳಿಯುತ್ತಿತ್ತು. ಸ್ವಂತ ನೆನಪು ಈ ವಿಷಯದಲ್ಲಿ ಬಹಳ ಉದಾರಿ.

ಅನುಭವಿಯೊಬ್ಬರು ಕಲಿಯುವವರ ಪ್ರಕರಣಗಳನ್ನು ನಿಯತವಾಗಿ ಕೇಳಿ, ಪ್ರಶ್ನಿಸಿ, ತಿದ್ದುವ ಈ ಕ್ರಮಕ್ಕೆ ವೃತ್ತಿಯಲ್ಲಿ ಸೂಪರ್‌ವಿಜನ್ ಎನ್ನುತ್ತಾರೆ; ಆಡಳಿತದ ಮೇಲ್ವಿಚಾರಣೆಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಹಾನ್ಸ್‌ನಲ್ಲಿಯೂ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿಯೂ ಚಿಕಿತ್ಸಾ ಮನಃಶಾಸ್ತ್ರದ ತರಬೇತಿ ಇದರ ಮೇಲೆಯೇ ನಿಂತಿದೆ. ಆದರೆ ಸೂಪರ್‌ವಿಜನ್ ಪದವೀಧರ ತಜ್ಞರಿಗೆ ಮಾತ್ರ ಮೀಸಲೆಂಬ ಭಾವನೆಯನ್ನು ನೆರೆಯ ಗೋವಾದ ‘ಸಂಗಾತ್’ ಸಂಸ್ಥೆಯ ಕೆಲಸ ಅಲುಗಾಡಿಸಿತು. ಮನಃಶಾಸ್ತ್ರ ಓದದ ಸ್ಥಳೀಯರಿಗೆ, ಖಿನ್ನತೆಯಿಂದ ಕೈಬಿಟ್ಟುಹೋದ ದಿನನಿತ್ಯದ ಚಟುವಟಿಕೆಗಳನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮರಳಿ ಆರಂಭಿಸುವಂತೆ ರೋಗಿಗಳಿಗೆ ನೆರವಾಗುವ ಸರಳ ಚಿಕಿತ್ಸೆಯನ್ನು ಅಲ್ಲಿ ಕಲಿಸಲಾಯಿತು. ಅವರು ತಮ್ಮ ಧ್ವನಿಮುದ್ರಿತ ಮಾತುಕತೆಗಳನ್ನು ಗುಂಪಿನಲ್ಲಿ ಕೇಳಿ, ಒಂದು ಅಳತೆಪಟ್ಟಿಯ ಪ್ರಕಾರ ಒಬ್ಬರಿಗೊಬ್ಬರು ಅಂಕ ಕೊಟ್ಟು ಕಲಿತರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಚಿಕಿತ್ಸೆ ಫಲ ನೀಡಿದ್ದನ್ನು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಕರ್ನಾಟಕದಲ್ಲಿ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಸಾಮಾನ್ಯ ಜನರನ್ನು ಸಮಾಲೋಚಕರನ್ನಾಗಿ ತರಬೇತುಗೊಳಿಸಿದ್ದೂ ತಜ್ಞರಲ್ಲದವರೂ ಈ ಕೆಲಸ ಮಾಡಬಲ್ಲರೆಂಬ ನಂಬಿಕೆಯಿಂದ.

ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ಮೊದಲಾದವುಗಳಿಂದ ವಿಜಯಪುರದಂಥ ಜಿಲ್ಲೆಗಳಿಗೂ ಈಗ ಸೇವೆಯ ದಾರಿ ತೆರೆದಿದೆ. ಆದರೆ ಸೇವೆ ವಿಸ್ತರಿಸಿದಷ್ಟು ಸುಲಭವಾಗಿ ಸೂಪರ್‌ವಿಜನ್ ವಿಸ್ತರಿಸುವುದಿಲ್ಲ; ಅದಕ್ಕೆ ಬೇಕಾಗುವುದು ಹಿರಿಯರ ಸಮಯ, ಮತ್ತು ಆ ಸಮಯಕ್ಕೆ ಲೆಕ್ಕಪತ್ರದಲ್ಲಿ ಕಲಮು ಸಿಗುವುದು ಕಷ್ಟ.

ಚಿಕ್ಕ ಊರಿನಲ್ಲಿ ಇನ್ನೊಂದು ತೊಡಕೂ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡಿದೆ. ಆದರೆ ಒಂದೇ ಊರಿನ ನಾಲ್ಕೈದು ಸಮಾಲೋಚಕರು ಕೂಡಿ ಧ್ವನಿಮುದ್ರಣ ಕೇಳುವಾಗ, ಹೆಸರು ತೆಗೆದುಹಾಕಿದ್ದರೂ ಆ ದನಿ ಯಾವ ಓಣಿಯದು, ಯಾರ ಮನೆಯದು ಎಂದು ಒಬ್ಬರಿಗಾದರೂ ಗೊತ್ತಾಗಿಬಿಡಬಹುದು. ಆದ್ದರಿಂದ ಇಲ್ಲಿ ಬಂದವರ ಒಪ್ಪಿಗೆ ಪಡೆಯುವುದರ ಜೊತೆಗೆ, ದನಿಯ ಬದಲು ಗುರುತು ಮರೆಸಿದ ಬರಹದ ರೂಪವನ್ನು ಚರ್ಚೆಗೆ ಇಡುವುದು, ಇಲ್ಲವೇ ಕಲಬುರಗಿ, ಧಾರವಾಡದಂಥ ಬೇರೆ ಊರುಗಳ ಸಹೋದ್ಯೋಗಿಗಳೊಂದಿಗೆ ಗುಂಪು ಕಟ್ಟಿಕೊಂಡು ಅಂತರ್ಜಾಲದ ಮೂಲಕ ಸೇರುವುದು ಮೇಲು.