ದಂಡಿನ ಆಸ್ಪತ್ರೆಯೂ ಚಳಿಜ್ವರದ ಗುಟ್ಟೂ

ಸೈನಿಕ ಆಸ್ಪತ್ರೆಯೆಂದರೆ ಗುಂಡೇಟು ತಿಂದ ಯೋಧರಿಗೆ ಶುಶ್ರೂಷೆ ಮಾಡುವ ತಾಣವೆಂದೇ ನಮ್ಮಲ್ಲಿ ಅನೇಕರ ಭಾವನೆ. ಯುದ್ಧಗಳ ಚರಿತ್ರೆಯನ್ನು ತೆರೆದು ನೋಡಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ೧೮೫೩ರಿಂದ ೧೮೫೬ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸುಮಾರು ೨೧,೦೦೦ ಮಂದಿ ಮಡಿದರು. ಅವರಲ್ಲಿ ೧೬,೦೦೦ಕ್ಕೂ ಮಿಕ್ಕಿದವರನ್ನು ಕೊಂದದ್ದು ಶತ್ರುವಿನ ಫಿರಂಗಿಯಲ್ಲ; ಕಾಲರಾ, ಆಮಶಂಕೆ, ಜ್ವರ ಮೊದಲಾದ ರೋಗಗಳು. ಆದಕಾರಣ ಸೈನ್ಯದ ವೈದ್ಯನು ಗಾಯಕ್ಕೆ ಮದ್ದು ಹಾಕುವುದರ ಜೊತೆಗೆ ರೋಗದ ಮೂಲವನ್ನೂ ಹುಡುಕಬೇಕಾಯಿತು. ಈ ಹುಡುಕಾಟದ ಒಂದು ಮುಖ್ಯ ಅಧ್ಯಾಯವು ನಮ್ಮ ರಾಯಚೂರಿಗೆ ಬಹು ದೂರವಲ್ಲದ ಸ್ಥಳದಲ್ಲಿ ನಡೆಯಿತೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಷಯ.

ರಾಯಚೂರು, ಮಾನ್ವಿ, ದೇವದುರ್ಗಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಆ ಸಂಸ್ಥಾನದ ದೊಡ್ಡ ದಂಡುಪ್ರದೇಶವೇ ಸಿಕಂದರಾಬಾದು. ನಮ್ಮ ಲಿಂಗಸುಗೂರಿನಲ್ಲಿಯೂ ಹೈದರಾಬಾದು ಕಂಟಿಂಜೆಂಟ್ ಎಂಬ ಸೈನ್ಯದ ಠಾಣ್ಯವಿತ್ತು. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಹೀಗೆ ಈ ನಾಡಿಗೆ ಸೈನ್ಯವೂ ಹೊಸದಲ್ಲ, ಸೈನ್ಯವನ್ನು ಕಾಡಿದ ಚಳಿಜ್ವರವೂ ಹೊಸದಲ್ಲ.

ಈ ಜ್ವರಕ್ಕೆ ಮಲೇರಿಯಾ ಎಂದು ಹೆಸರು. ಇಟಲಿಯ ಭಾಷೆಯಲ್ಲಿ ಈ ಪದಕ್ಕೆ 'ಕೆಟ್ಟ ಗಾಳಿ' ಎಂದರ್ಥ. ಜವುಗು ನೆಲದಿಂದೇಳುವ ದುರ್ಗಾಳಿಯೇ ಜ್ವರಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಸೈನಿಕ ಆಸ್ಪತ್ರೆಯೊಂದರಲ್ಲಿಯೇ. ೧೮೮೦ರ ನವೆಂಬರ್ ೬ರಂದು, ಆಲ್ಜೀರಿಯದ ಕಾನ್‌ಸ್ಟಂಟೈನ್ ಎಂಬ ಊರಿನ ಸೈನಿಕ ಆಸ್ಪತ್ರೆಯಲ್ಲಿ, ಲಾವೆರಾನ್ ಎಂಬ ಫ್ರೆಂಚ್ ಸೇನಾವೈದ್ಯರು ಜ್ವರಪೀಡಿತ ಸೈನಿಕನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಾಗ, ಅದರಲ್ಲಿ ಚಲಿಸುವ ಜೀವಿಯನ್ನು ಕಂಡರು. ಈ ಪರೋಪಜೀವಿಯು ಕೆಂಪು ರಕ್ತಕಣದೊಳಗೆ ಸೇರಿ, ಅಲ್ಲಿನ ಹಿಮೋಗ್ಲೋಬಿನನ್ನು ತಿಂದು, ಉಳಿದುದನ್ನು ಕರಿಯ ಕಣಗಳಾಗಿ ಬಿಡುತ್ತದೆ. ಈ ಕರಿಯ ಕಣಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಗುಟ್ಟನ್ನು ಬಯಲಿಗೆಳೆದದ್ದು ಅವುಗಳೇ.

ಇಂಥ ಶೋಧಕ್ಕೆ ಸೈನಿಕ ಆಸ್ಪತ್ರೆಯೇ ಅನುಕೂಲವಾದದ್ದೇಕೆ? ಅಲ್ಲಿ ರೋಗಿಯು ಗುಣವಾಗುವವರೆಗೆ ಹಾಸಿಗೆಯಲ್ಲಿರುತ್ತಾನೆ. ಆತನ ಹೆಸರು, ದಳ, ಜ್ವರ ಬಂದ ದಿನ, ಕೊಟ್ಟ ಔಷಧ ಎಲ್ಲವೂ ದಫ್ತರದಲ್ಲಿ ದಾಖಲಾಗುತ್ತವೆ. ಒಂದೇ ಬಗೆಯ ಊಟ, ಒಂದೇ ಬಗೆಯ ವಸತಿ ಇರುವ ಸಾವಿರ ಜನರಲ್ಲಿ ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ ಎಂದು ಹೋಲಿಸಿ ನೋಡಬಹುದು. ಎಣಿಕೆ, ದಾಖಲೆ, ಹೋಲಿಕೆ ಇವು ಮೂರೂ ವಿಜ್ಞಾನದ ಬುನಾದಿಗಳಲ್ಲವೆ?

ರೊನಾಲ್ಡ್ ರಾಸ್‌ರವರು ೧೮೫೭ರಲ್ಲಿ ಅಲ್ಮೋರದಲ್ಲಿ ಜನಿಸಿ, ೧೮೮೧ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದ ಸೇನಾವೈದ್ಯರು. ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಅವರಿಗೆ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ತಮ್ಮ ಬಂಗಲೆಯ ಬಳಿ ನೀರು ನಿಂತಿದ್ದ ಪೀಪಾಯಿಯಲ್ಲಿ ಅವುಗಳ ಮರಿಗಳನ್ನು ಕಂಡು, ಅದನ್ನು ಬೋರಲು ಹಾಕಿಸಿದರು, ಸೊಳ್ಳೆಗಳು ಕಡಿಮೆಯಾದುವು. ೧೮೯೪ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್‌ಸನ್‌ರವರು, ಮಲೇರಿಯದ ಪರೋಪಜೀವಿಗೂ ಸೊಳ್ಳೆಗೂ ಸಂಬಂಧವಿರಬಹುದೆಂಬ ತಮ್ಮ ಊಹೆಯನ್ನು ರಾಸ್‌ರವರಿಗೆ ವಿವರಿಸಿದರು. ಮರುವರ್ಷ ರಾಸ್‌ರವರು ಸಿಕಂದರಾಬಾದಿನ ಬೇಗಂಪೇಟೆಯ ಸೈನಿಕ ಆಸ್ಪತ್ರೆಗೆ ಬಂದರು.

ಕೆಲಸ ಸುಲಭವಾಗಿರಲಿಲ್ಲ. ಜ್ವರಪೀಡಿತರನ್ನು ಕಚ್ಚಿದ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡಿದರೂ ಅವುಗಳಲ್ಲಿ ಏನೂ ಸಿಕ್ಕಲಿಲ್ಲ. ಅವರು ಪರೀಕ್ಷಿಸುತ್ತಿದ್ದುದು ಮಲೇರಿಯವನ್ನು ಹರಡದ ಜಾತಿಯ ಸೊಳ್ಳೆಗಳನ್ನು. ನಡುವೆ ಕಾಲರಾ ನಿವಾರಣೆಗಾಗಿ ಬೆಂಗಳೂರಿಗೆ ಹೋಗಬೇಕಾಗಿ ಬಂದುದರಿಂದ ಸಂಶೋಧನೆ ನಿಂತಿತು. ೧೮೯೭ರ ಬೇಸಗೆಯಲ್ಲಿ ಮರಳಿ ಬಂದು ಕೆಲಸಕ್ಕೆ ಕುಳಿತಾಗ, ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದುವು. ಸೀಳಿಟ್ಟ ಸೊಳ್ಳೆಗಳು ಹಾರಿಹೋಗುವುವೆಂದು ಬೀಸಣಿಗೆಯ ಗಾಳಿಯನ್ನೂ ಹಾಕಿಕೊಳ್ಳುವಂತಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಬೇರೊಂದು ಜಾತಿಯ ಸೊಳ್ಳೆಗಳು ಅವರಿಗೆ ದೊರೆತುವು. ಇದನ್ನೇ ಇಂದು ಅನಾಫಿಲಿಸ್ ಎಂದು ಕರೆಯುತ್ತೇವೆ. ೧೬ನೆಯ ತಾರೀಖಿನಂದು ಹುಸೇನ್ ಖಾನ್ ಎಂಬ ರೋಗಿಯನ್ನು ಅವುಗಳಿಂದ ಕಚ್ಚಿಸಲಾಯಿತು. ಸೊಳ್ಳೆಗೆ ಒಂದಾಣೆಯಂತೆ ಆತನಿಗೆ ಹಣ ಸಂದಿತು. ೨೦ನೆಯ ತಾರೀಖಿನಂದು ಅಂಥ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ರಾಸ್‌ರವರು ದುಂಡಗಿನ ಕೋಶಗಳನ್ನು ಕಂಡರು. ಅವುಗಳೊಳಗೆ ಮಲೇರಿಯದ ಅದೇ ಕರಿಯ ಕಣಗಳಿದ್ದುವು! ಮರುದಿನ ಸೀಳಿದ ಸೊಳ್ಳೆಯಲ್ಲಿ ಕೋಶಗಳು ಇನ್ನೂ ದೊಡ್ಡವಾಗಿದ್ದುವು. ಅಂದರೆ ಪರೋಪಜೀವಿಯು ಸೊಳ್ಳೆಯೊಳಗೆ ಬೆಳೆಯುತ್ತಿತ್ತು. ೧೮೯೮ರಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯವು ಸೊಳ್ಳೆಯ ಕಡಿತದಿಂದಲೇ ಹರಡುವುದೆಂದು ಅವರು ತೋರಿಸಿದರು. ಮನುಷ್ಯರ ಮಲೇರಿಯವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೇ ಎಂಬುದನ್ನು ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಸಿದ್ಧಪಡಿಸಿದರು. ೧೯೦೨ರಲ್ಲಿ ರಾಸ್‌ರವರಿಗೂ ೧೯೦೭ರಲ್ಲಿ ಲಾವೆರಾನ್‌ರವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಹುಸೇನ್ ಖಾನನಿಗೆ ದೊರೆತದ್ದು ಕೆಲವು ಆಣೆಗಳು ಮಾತ್ರ. ರೋಗಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯದೆ ಇಂಥ ಪ್ರಯೋಗ ನಡೆಸಲು ಇಂದಿನ ನಿಯಮಗಳು ಅವಕಾಶ ಕೊಡುವುದಿಲ್ಲ. ಅದು ಯೋಗ್ಯವೇ ಆಗಿದೆ.

ಈ ಶೋಧದಿಂದ ನಮ್ಮ ಜಿಲ್ಲೆಗೇನು ಪ್ರಯೋಜನವೆಂದು ಕೇಳಬಹುದು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಲಾರಂಭಿಸಿತು. ಎಡದಂಡೆಯ ಕಾಲುವೆಯಿಂದ ಮಾನ್ವಿ, ಸಿಂಧನೂರುಗಳ ಒಣಭೂಮಿ ಬತ್ತದ ಗದ್ದೆಯಾಯಿತು. ಮುಂದೆ ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟಿನ ಬಲದಂಡೆಯ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ನೀರು ಬಂದಲ್ಲಿ ಅನ್ನ ಬಂತು; ಆದರೆ ಕಾಲುವೆಯ ಸೋರಿಕೆಯಿಂದಾದ ಗುಂಡಿಗಳೂ ಹುಲ್ಲು ಬೆಳೆದ ಹಳ್ಳಗಳೂ ಹಳ್ಳಿಗಾಡಿನ ಅನಾಫಿಲಿಸಿಗೆ ತೊಟ್ಟಿಲಾದುವು. ಪಟ್ಟಣಗಳ ಬಾವಿ, ನೀರಿನ ತೊಟ್ಟಿಗಳಲ್ಲಿ ಬೆಳೆಯುವ ಇನ್ನೊಂದು ಜಾತಿಯೂ ಉಂಟು. ಆದಕಾರಣ ರಾಯಚೂರು ನಗರವೂ ಎಚ್ಚರದಿಂದಿರಬೇಕು.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಸುಮಾರು ೭.೫ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ, ೮ ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಫಲವಾಗಿ, ೧೯೬೫ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಜಯ ದೊರೆಯಿತೆಂದು ಎಚ್ಚರಿಕೆ ಸಡಿಲವಾಯಿತು, ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿ ಪಡೆದುವು. ೧೯೭೬ರಲ್ಲಿ ಸಂಖ್ಯೆ ೬೪ ಲಕ್ಷಕ್ಕೆ ಏರಿತು. ಆ ಬಳಿಕ ರೋಗವು ಮತ್ತೆ ಬಹುಮಟ್ಟಿಗೆ ಇಳಿದಿದೆ. ೨೦೩೦ರೊಳಗೆ ಅದನ್ನು ನಿರ್ಮೂಲ ಮಾಡಬೇಕೆಂಬುದು ದೇಶದ ಗುರಿ.

ಇಂದಿನ ಸೈನಿಕ ಆಸ್ಪತ್ರೆಗಳ ವ್ಯವಸ್ಥೆ ಮೆಟ್ಟಿಲುಗಳಂತಿದೆ. ಮುಂಚೂಣಿಯಲ್ಲಿ ಪ್ರಥಮ ಚಿಕಿತ್ಸೆಯ ಠಾಣ್ಯ, ಅದರ ಹಿಂದೆ ರಣಭೂಮಿಯ ಆಸ್ಪತ್ರೆ, ಕೊನೆಯಲ್ಲಿ ಸರ್ವ ಸಲಕರಣೆಗಳುಳ್ಳ ಕಮಾಂಡ್ ಆಸ್ಪತ್ರೆ. ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆಯುಂಟು. ೧೯೫೭ರಲ್ಲಿ ಸ್ಥಾಪಿತವಾದ ಅಲ್ಲಿನ ವೈಮಾನಿಕ ವೈದ್ಯಕೀಯ ಸಂಸ್ಥೆಯು ಹಾರಾಟದಿಂದ ಶರೀರದ ಮೇಲಾಗುವ ಪರಿಣಾಮಗಳನ್ನು ಅಭ್ಯಸಿಸುತ್ತದೆ. ನಿವೃತ್ತ ಸೈನಿಕರಿಗಾಗಿ ೨೦೦೩ರಿಂದ ಪ್ರತ್ಯೇಕ ಆರೋಗ್ಯ ಯೋಜನೆಯೊಂದು ನಡೆದಿದೆ. ರಾಸ್‌ರವರು ದುಡಿದ ಬೇಗಂಪೇಟೆಯ ಕಟ್ಟಡವು ಅವರ ಹೆಸರಿನಲ್ಲಿಯೇ ಉಳಿದುಬಂದಿದೆ.

ಆದರೆ ಸೈನಿಕ ಆಸ್ಪತ್ರೆಯ ಅತಿ ದೊಡ್ಡ ಸೇವೆಯನ್ನು ಮಾನ್ವಿ, ದೇವದುರ್ಗಗಳ ಹಳ್ಳಿಯಲ್ಲಿಯೇ ಕಾಣಬಹುದು. ಜ್ವರ ಬಂದವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಲೇಪಿಸಿ, ಹೆಸರನ್ನೂ ತಾರೀಖನ್ನೂ ಬರೆದುಕೊಳ್ಳುವ ಆರೋಗ್ಯ ಕಾರ್ಯಕರ್ತೆಯು ಲಾವೆರಾನ್, ರಾಸ್‌ರವರ ಪದ್ಧತಿಯನ್ನೇ ಅನುಸರಿಸುತ್ತಾಳೆ. ಆ ಹನಿಯಲ್ಲಿ ಯಾವ ಜಾತಿಯ ಪರೋಪಜೀವಿ ಇದೆಯೆಂದು ತಿಳಿದ ಮೇಲೆಯೇ ತಕ್ಕ ಔಷಧವನ್ನು ನಿರ್ಧರಿಸಲು ಸಾಧ್ಯ. ಜ್ವರ ಇಳಿಯಿತೆಂದು ಔಷಧವನ್ನು ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು.

ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ಕೈಗೂಡಿಸಬಹುದು. ಅನಾಫಿಲಿಸಿನ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಸಾಮಾನ್ಯ ಕ್ಯೂಲೆಕ್ಸ್ ಸೊಳ್ಳೆಯ ಮರಿ ತಲೆ ಕೆಳಗಾಗಿ ಓರೆಯಾಗಿ ತೂಗುತ್ತದೆ. ಈ ಭೇದ ಬರಿಗಣ್ಣಿಗೇ ಕಾಣುವಂಥದು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಆದ್ದರಿಂದ ವಾರಕ್ಕೊಂದು ದಿನ ಮನೆಯ ತೊಟ್ಟಿ, ಗಡಿಗೆಗಳನ್ನು ಬರಿದುಮಾಡಿ ಒಣಗಿಸಿದರೆ ಅಲ್ಲಿ ಸೊಳ್ಳೆಯ ಸಂತತಿ ಬೆಳೆಯಲಾರದು. ರಾತ್ರಿ ಸೊಳ್ಳೆಪರದೆಯೊಳಗೆ ಮಲಗಬೇಕು. ಚಳಿಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಪೀಪಾಯಿಯನ್ನು ಬೋರಲು ಹಾಕಲು ಸೇನಾವೈದ್ಯನೇ ಬರಬೇಕಾಗಿಲ್ಲ.