ಹಳೆ ಬ್ಯಾಟರಿಗೆ ಮರುಜೀವ: ಗಡಿನಾಡಿಗೂ ಬೇಕಾದ ವಿದ್ಯೆ

ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದು ಸೊರಗಿದ್ದರೆ ಇನ್ನೊಂದರ ಬಲವೂ ಹೊಲಕ್ಕೆ ದಕ್ಕುವುದಿಲ್ಲ. ರಾಯದುರ್ಗ, ಮಡಕಶಿರಾ ಕಡೆಯ ಶೇಂಗಾ ಬೆಳೆಗಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಲಿಥಿಯಂ ಬ್ಯಾಟರಿಯ ಕಥೆಯೂ ಹೀಗೆಯೇ. ಸಾಲಾಗಿ ಜೋಡಿಸಿದ ಸೆಲ್ಲುಗಳಲ್ಲಿ ದುರ್ಬಲವಾದದ್ದು ಚಾರ್ಜ್ ಮಾಡುವಾಗ ಮೊದಲು ತುಂಬುತ್ತದೆ, ಬಳಸುವಾಗ ಮೊದಲು ಬರಿದಾಗುತ್ತದೆ. ಆಗ ಕಾವಲಿನ ಸರ್ಕ್ಯೂಟು ಇಡೀ ಬ್ಯಾಟರಿಯನ್ನೇ ತಡೆದು ನಿಲ್ಲಿಸುತ್ತದೆ. ಸತ್ತುಹೋಯಿತೆಂದು ನಾವು ಗುಜರಿಗೆ ಹಾಕುತ್ತೇವೆ.

ಹಾಗೆ ಎಸೆದವುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ಐಬಿಎಂ ಸಂಸ್ಥೆಯ ಭಾರತದ ಸಂಶೋಧಕರು ಲ್ಯಾಪ್‌ಟಾಪಿನ ಹಳೆಯ ಸೆಲ್ಲುಗಳಿಂದ ‘ಉರ್ಜಾರ್’ ಎಂಬ ಸಾಧನ ಮಾಡಿ ಬೆಂಗಳೂರಿನಲ್ಲಿ ಪರೀಕ್ಷಿಸಿದರು. ಎಸೆದ ಬ್ಯಾಟರಿಗಳಲ್ಲಿ ಕನಿಷ್ಠ ಶೇ. 70ರಷ್ಟು ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ 4 ಗಂಟೆಗೂ ಮಿಕ್ಕಿ ಒಂದು ವರ್ಷ ಉರಿಸಬಲ್ಲವೆಂದು 2014ರಲ್ಲಿ ಪ್ರಕಟಿಸಿದರು. ಬೆಂಗಳೂರು, ಬರ್ಲಿನ್‌ಗಳಲ್ಲಿ ನೆಲೆಯಿರುವ ನುನಾಮ್ ಸಂಸ್ಥೆಯು 2022ರಲ್ಲಿ ಆಡಿ ಕಂಪೆನಿಯ ಪರೀಕ್ಷಾ ಕಾರುಗಳ ಬ್ಯಾಟರಿಯಿಂದ ಓಡುವ ರಿಕ್ಷಾಗಳನ್ನು ಸಿದ್ಧಪಡಿಸಿತು.

ಈ ಕೆಲಸಕ್ಕೆ ತಾಳ್ಮೆಯೇ ಬಂಡವಾಳ. ಪ್ರತಿಯೊಂದು ಸೆಲ್ಲನ್ನೂ ಪೂರ್ತಿ ತುಂಬಿಸಿ, ಮಿತಿಯವರೆಗೆ ಬರಿದುಮಾಡಿ, ಎಷ್ಟು ಹಿಡಿಯುತ್ತದೆಂದು ಅಳೆಯಬೇಕು. ಬಿಸಿಯೇರುವಂಥದು, ಇಟ್ಟಲ್ಲೇ ವೋಲ್ಟೇಜು ಇಳಿಯುವಂಥದು ಬೇಡ. ಸರಿಸಮವಾದವನ್ನು ಮಾತ್ರ ಒಂದು ಸಾಲಿಗೆ ಸೇರಿಸಬೇಕು. ಅನಂತರವೂ ಸಮತೋಲನದ ಸರ್ಕ್ಯೂಟು ಬೇಕು. ಮೊದಲೇ 4.2 ವೋಲ್ಟ್ ಮುಟ್ಟಿದ ಸೆಲ್ಲಿನ ಹೆಚ್ಚುವರಿಯನ್ನು ಅದು ಶಾಖವಾಗಿ ಕಳೆದು, ಹಿಂದುಳಿದವು ತುಂಬಲು ಅವಕಾಶ ಕೊಡುತ್ತದೆ. ಆದರೆ ಸವೆದ ಸೆಲ್ಲಿಗೆ ಕಳೆದುಹೋದ ತ್ರಾಣವನ್ನು ಅದು ಮರಳಿಸಲಾರದು. ಉಬ್ಬಿದ, ಜಜ್ಜಿದ ಸೆಲ್ಲನ್ನು ಬಳಸಹೊರಟರೆ ಬೆಂಕಿಯೇ ಉತ್ತರ.

ಕೇಂದ್ರ ಸರಕಾರದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ನವೀಕರಣಕ್ಕೋ ಮರುಬಳಕೆಗೋ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಗುಜರಿ ಅಂಗಡಿಯಲ್ಲಿ ಬ್ಯಾಟರಿ ಒಡೆಯುವ ಹುಡುಗನಿಗೆ ಅದರ ಅಪಾಯವನ್ನು ಹೇಳುವವರು ಯಾರು? ಅದೂ ಯಾವ ಭಾಷೆಯಲ್ಲಿ?

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ ಆಂಧ್ರದಲ್ಲೇ ಉಳಿಯಿತು. 1956ರಲ್ಲಿ ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ, ರಾಜ್ಯ ಬದಲಾದರೂ ಈ ಊರುಗಳಲ್ಲಿ ಕನ್ನಡ ಮನೆಮಾತಿನವರು ಇಂದಿಗೂ ಇದ್ದಾರೆ. ಈ ವಿದ್ಯೆ ಗಡಿನಾಡಿನ ತರಬೇತಿ ಕೇಂದ್ರಗಳಿಗೆ ಬರಲಿ. ಬರುವಾಗ ತೆಲುಗು, ಮಲೆಯಾಳಗಳ ಜೊತೆಗೆ ಕನ್ನಡದಲ್ಲೂ ಬರಲಿ. ಬೆಂಕಿಯ ಎಚ್ಚರಿಕೆ ಮನೆಮಾತಿನಲ್ಲಿದ್ದರೆ ಬೇಗ ಮನಸ್ಸಿಗೆ ನಾಟುತ್ತದೆ.