ಹಾನ್ಲೆಯ ಕತ್ತಲೆಯೂ ನಮ್ಮ ದೀಪಗಳೂ

ಕತ್ತಲೆಯನ್ನು ಕಾಪಾಡುವುದಕ್ಕಾಗಿ ಸರಕಾರವೇ ಆಜ್ಞೆ ಹೊರಡಿಸಬೇಕಾದ ಕಾಲ ಬರುವುದೆಂದು ನಮ್ಮ ಹಿರಿಯರಿಗೆ ಯಾರಾದರೂ ಹೇಳಿದ್ದರೆ, ಅವರು ನಕ್ಕುಬಿಡುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ 2022ನೆಯ ಇಸವಿಯ ಡಿಸೆಂಬರಿನಲ್ಲಿ ಲಡಾಖಿನ ಆಡಳಿತವು ಮಾಡಿದ್ದು ಇದನ್ನೇ. ಲೇಹ್ ಪಟ್ಟಣದಿಂದ ಇನ್ನೂರೈವತ್ತು ಕಿಲೋಮೀಟರಿಗೂ ಆಚೆ, ಚಾಂಗ್‌ಥಾಂಗ್ ವನ್ಯಮೃಗಧಾಮದ ಒಳಗಿರುವ ಹಾನ್ಲೆಯ ಸುತ್ತಣ 1,073 ಚದರ ಕಿಲೋಮೀಟರು ಭೂಮಿಯು ಅಂದಿನಿಂದ ಕತ್ತಲ ಆಕಾಶದ ರಕ್ಷಿತ ಪ್ರದೇಶವಾಗಿದೆ. ಮರವಿಲ್ಲದ, ಮಳೆ ಬಲು ವಿರಳವಾದ ಆ ಶೀತಮರುಭೂಮಿಯಲ್ಲಿ 2023ರಿಂದ ನಕ್ಷತ್ರವೀಕ್ಷಕರ ಮೇಳವೊಂದು ಕೂಡಲಾರಂಭಿಸಿದೆ.

ಈ ಮೇಳಕ್ಕೂ ಕನ್ನಡನಾಡಿಗೂ ಸಂಬಂಧವಿದೆ. ಇದನ್ನು ಏರ್ಪಡಿಸುವುದರಲ್ಲಿ ಮುಂದಾಗಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಹಾನ್ಲೆಯ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರು ಎತ್ತರದಲ್ಲಿ, ಈ ಸಂಸ್ಥೆಯ ವೇಧಶಾಲೆಯಿದೆ. ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ, 2 ಮೀಟರು ವ್ಯಾಸದ ಕನ್ನಡಿಯುಳ್ಳ ಅಲ್ಲಿನ ದೂರದರ್ಶಕವು 2000ನೆಯ ಇಸವಿಯಲ್ಲಿ ಮೊದಲು ಕಣ್ಣು ತೆರೆಯಿತು. ವಿಶೇಷವೇನೆಂದರೆ, ಆ ಕಣ್ಣನ್ನು ತಿರುಗಿಸುವ ಕೈಗಳು ನಮ್ಮ ಹೊಸಕೋಟೆಯಲ್ಲಿವೆ. ಅಲ್ಲಿನ ಕೇಂದ್ರದಲ್ಲಿ ಕುಳಿತ ವಿಜ್ಞಾನಿಗಳು ಕೃತಕ ಉಪಗ್ರಹದ ಸಂಪರ್ಕದಿಂದ ಹಿಮಾಲಯದ ಯಂತ್ರವನ್ನು ನಡೆಸುತ್ತಾರೆ.

ಮೇಳವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಝಗಝಗಿಸುವ ತೋರಣದೀಪಗಳು. ಹಾನ್ಲೆಯ ಮೇಳದಲ್ಲಿ ದೀಪವೇ ಅಪರಾಧ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ಆರಿಸಿಕೊಂಡು, ದೇಶದ ನಾನಾ ಕಡೆಗಳಿಂದ ಹವ್ಯಾಸಿಗಳು ತಮ್ಮ ದೂರದರ್ಶಕಗಳನ್ನು ಹೊತ್ತು ಬರುತ್ತಾರೆ. ಮನುಷ್ಯನ ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗಲು ಅರ್ಧ ಗಂಟೆ ಬೇಕು. ಒಂದು ಬಿಳಿಯ ದೀಪ ಕಂಡರೆ ಆ ಸಾಧನೆಯೆಲ್ಲ ಕ್ಷಣದಲ್ಲಿ ವ್ಯರ್ಥ. ಆದುದರಿಂದಲೇ ನಕ್ಷತ್ರವೀಕ್ಷಕರು ಮಂದವಾದ ಕೆಂಪು ಬೆಳಕನ್ನಷ್ಟೆ ಬಳಸುವುದು. ಅಷ್ಟು ಸಂಯಮಕ್ಕೆ ದೊರೆಯುವ ಪ್ರತಿಫಲವು ಅಲ್ಪವಲ್ಲ. ನಮ್ಮ ಪಟ್ಟಣಗಳಲ್ಲಿ ಹೆಸರಾಗಿ ಮಾತ್ರ ಉಳಿದಿರುವ ಆಕಾಶಗಂಗೆಯು ಅಲ್ಲಿ ದಿಗಂತದಿಂದ ದಿಗಂತಕ್ಕೆ ಹರಿಯುತ್ತದೆ.

ಆದರೆ ಈ ವೈಭವದ ವೆಚ್ಚವನ್ನು ತೆರುವವರಾರು? ಹಾನ್ಲೆಯ ಹಳ್ಳಿಗರು. ಕುರಿಮೇಕೆಗಳನ್ನು ಮೇಯಿಸಿ, ಪಶ್ಮೀನಾ ಉಣ್ಣೆಯಿಂದ ಜೀವಿಸುವ ಚಾಂಗ್‌ಪಾ ಜನರ ಸೀಮೆಯದು. ಅಲ್ಲಿಯವರು ದೀಪಗಳಿಗೆ ಮರೆ ಕಟ್ಟಬೇಕು, ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಡಬೇಕು. ವಿದ್ಯುತ್ತಿನ ಸೌಕರ್ಯವನ್ನು ಬಹುಕಾಲ ಕಾದು ಪಡೆದವರನ್ನು ಬೆಳಕು ತಗ್ಗಿಸಿರೆಂದು ಕೇಳುವುದು ಸಣ್ಣ ಮಾತಲ್ಲ. ಅಲ್ಲಿನ ಯುವಕ ಯುವತಿಯರಿಗೆ ಖಗೋಳ ಶಿಕ್ಷಣವನ್ನೂ ದೂರದರ್ಶಕಗಳನ್ನೂ ಕೊಟ್ಟು, ಬಂದ ಅತಿಥಿಗಳಿಗೆ ಆಕಾಶವನ್ನು ತೋರಿಸಿ ಸಂಪಾದಿಸುವ ಮಾರ್ಗವನ್ನು ತೆರೆದಿರುವುದು ನ್ಯಾಯವಾದ ಕಾರ್ಯ. ಈ ಆದಾಯವು ಹಳ್ಳಿಯಲ್ಲಿಯೇ ಉಳಿಯುವಂತೆ ನೋಡಿಕೊಳ್ಳಬೇಕು. ಹೊರಗಿನ ಧನಿಕರು ಹೋಟೆಲುಗಳನ್ನು ಎಬ್ಬಿಸಿ, ವಾಹನಗಳ ಸಾಲು ಹರಿಸಿದರೆ, ನೋಡಬಂದವರೇ ನೋಟವನ್ನು ಕೆಡಿಸಿದಂತಾಗುವುದು.

ಇನ್ನು ನಮ್ಮ ಮಾತು. ಹೊಸಕೋಟೆಯ ಪಕ್ಕದಲ್ಲಿಯೇ ಇರುವ ಬೆಂಗಳೂರಿನಲ್ಲಿ ಪುರೋಹಿತರು ತೋರಿಸುವ ಅರುಂಧತಿಯನ್ನು ವಧೂವರರು ಹಗಲಿನಲ್ಲಿ ಕಾಣದೆಯೇ ಕಂಡೆವೆನ್ನುವುದು ಹಳೆಯ ವಾಡಿಕೆ. ಈಗ ರಾತ್ರಿಯಲ್ಲಿಯೂ ಅದೇ ಗತಿ. ದೀಪವನ್ನು ಮೇಲ್ಮುಖವಾಗಿ ಉರಿಸಿದಾಗ ಗಾಳಿಯೂ ಧೂಳೂ ಆ ಬೆಳಕನ್ನು ಚದುರಿಸಿ ಆಕಾಶವನ್ನೇ ಬಿಳಿಚಿಸುತ್ತವೆ. ನೀಲಿ ಛಾಯೆಯ ಬಿಳಿಯ ದೀಪಗಳಿಂದ ಈ ಹಾನಿ ಹೆಚ್ಚು. 2011ರಿಂದ 2022ರವರೆಗೆ ಪ್ರಪಂಚದ ನಾನಾ ಕಡೆಗಳ ವೀಕ್ಷಕರು ಕೊಟ್ಟ ಲೆಕ್ಕದಂತೆ, ರಾತ್ರಿಯಾಕಾಶದ ಬೆಳಗು ವರ್ಷಕ್ಕೆ ಶೇಕಡ ಹತ್ತರ ಸಮೀಪ ಏರುತ್ತ ಬಂದಿದೆ.

ಬೀದಿಯಲ್ಲಿ ಬೆಳಕಿಲ್ಲದಿದ್ದರೆ ಕಳ್ಳಕಾಕರ ಭಯ, ಹೆಂಗಸರಿಗೆ ಅಪಾಯವೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಆದರೆ ನಡೆಯುವವರ ಕಾಲು ನೆಲದ ಮೇಲಿರುವುದೇ ಹೊರತು ಆಕಾಶದಲ್ಲಲ್ಲ. ದೀಪಕ್ಕೆ ಮೇಲೊಂದು ಮರೆ, ಹಳದಿ ಛಾಯೆ, ಅಗತ್ಯವಿದ್ದಷ್ಟೇ ಪ್ರಕಾಶ, ಜನಸಂಚಾರ ನಿಂತ ಮೇಲೆ ಜಾಹೀರಾತು ಫಲಕಗಳಿಗೆ ವಿಶ್ರಾಂತಿ, ಇಷ್ಟಾದರೆ ಬೀದಿಯೂ ಬೆಳಗುವುದು, ಖರ್ಚೂ ಉಳಿಯುವುದು.

ಕೆರೆ, ಗೋಮಾಳಗಳಂತೆ ರಾತ್ರಿಯ ಆಕಾಶವೂ ಊರೊಟ್ಟಿನ ಸ್ವತ್ತು. ಒಡೆಯನಿಲ್ಲವೆಂಬ ಕಾರಣದಿಂದಲೇ ಅದು ಒತ್ತುವರಿಯಾಗುತ್ತಿದೆ. ಹಾನ್ಲೆಯ ಬಡ ಕುರುಬನು ಕಾಪಾಡುತ್ತಿರುವುದನ್ನು ಸಹಸ್ರಾರು ರೂಪಾಯಿ ವ್ಯಯಿಸಿ ನೋಡಿ ಬರುವ ನಮ್ಮ ಪಟ್ಟಣಿಗರು, ಹಿಂದಿರುಗಿದ ದಿನವೇ ತಮ್ಮ ಬಾಗಿಲ ದೀಪಕ್ಕೊಂದು ಮರೆ ಕಟ್ಟಲಿ. ನಗರಸಭೆಗಳು ಬೀದಿಯ ದೀಪಗಳಿಗೆ ಅದನ್ನೇ ಮಾಡಲಿ. ನಮ್ಮ ಮಕ್ಕಳು ಸಪ್ತರ್ಷಿಗಳನ್ನು ಎಣಿಸಲು ಹಿಮಾಲಯದವರೆಗೆ ಹೋಗಬೇಕಾಗಿ ಬರಬಾರದು.